ಪಂಢರಿಯ ನಾಲಿಗೆ

ಯಂಕಂಚಿಯ ಬಸಂತರಾಯ ಗೌಡನಿಗೆ ಆ ಸಲ ಪುಷ್ಯದ ಅವರಾತ್ರಿ ಅಮಾವಾಸ್ಯೆಗೆ ಬೇಕಾಗಿದ್ದದ್ದು ಒಂದೇ. ತಾನು ಮಾಡಿದ ಬಿಯರನ್ನು ಪಂಢರಿನಾಥ ಮಾಸ್ತರ ಒಂದು ಗುಟುಕು ಕುಡಿದು, ಅದರ ಬಗ್ಗೆ ಒಂದು ಮಾತು ಹೇಳಬೇಕು. ಶ್ರಾವಣದಲ್ಲಿ ಸಾವಿನ ಬಾಗಿಲು ತಟ್ಟಿ ಬಂದ ಮನುಷ್ಯ ಬಸಂತರಾಯ. ಅಂಥವನು ದೇವರ ಹತ್ತಿರ ಏನೇನನ್ನೋ ಬೇಡಬಹುದಿತ್ತು. ಇವನು ಬಯಸಿದ್ದು ಬಿಯರಿನ ಬಗ್ಗೆ ಗೆಳೆಯನ ಒಂದು ಮಾತನ್ನು. ಬದುಕಿ ಬಂದ ಮೇಲೂ ಮನುಷ್ಯ ಹಳೆಯ ಮನುಷ್ಯನೇ ಆಗಿರುತ್ತಾನೆ, ಅದಕ್ಕೇನು ಮಾಡಲಾದೀತು.

ಈ ಬಿಯರಿನ ಹುಚ್ಚು ಹಚ್ಚಿಸಿದವರು ಮನಗೂಳಿಯ ರೇವಪ್ಪ ಹವಾಲ್ದಾರರು. ಎಪ್ಪತ್ತೊಂದರ ಲಡಾಯಿ ಮುಗಿಸಿ, ಪಿಂಚಣಿ ಪಡೆದು, ಒಂದು ಕಬ್ಬಿಣದ ಟ್ರಂಕು ಮತ್ತು ಒಂದು ದೊಡ್ಡ ಗಂಟಲಿನೊಂದಿಗೆ ಊರಿಗೆ ಮರಳಿದವರು. ಗುಡ್ಡಗಾಡಿನ ಠಾಣ್ಯಗಳಲ್ಲಿ ಇದ್ದಾಗ ಅಲ್ಲಿಯ ಮಂದಿ ಕಾಳನ್ನು ಹುಳಿ ಬರಿಸಿ ಕುಡಿಯುವುದನ್ನು ನೋಡಿದ್ದರು. “ಅವ್ರ ಕಾಳಿನಾಗ ಬರತೈತಿ ಅಂದ್ರ ನಮ್ಮ ಮಾಲದಂಡಿ ಜೋಳ ಏನ್ ಪಾಪ ಮಾಡೇತಿ?” ಎಂದು ಅವರು ಕೇಳಿದ ಪ್ರಶ್ನೆಗೆ ಬಸಂತರಾಯನ ಹೊಲದಲ್ಲಿ ಕೂತಿದ್ದವರಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಗಂಡಸರು ಅಲ್ಲಿಗೇ ಬಿಡುವುದುಂಟೇ? ಮರುವಾರವೇ ಜೋಳ ನೆನೆಹಾಕಿದರು.

ಮಾಡುವ ಬಗೆ ಕೇಳಿದರೆ ಸುಲಭ, ಮಾಡಿದಾಗ ಗೊತ್ತಾಗುತ್ತದೆ. ನೆನೆದ ಜೋಳವನ್ನು ಹಸಿ ಗೋಣಿಚೀಲದಲ್ಲಿ ಕಟ್ಟಿಟ್ಟು ಮೊಳಕೆ ಬರಿಸಬೇಕು. ಮಾಳಿಗೆಯ ಮೇಲೆ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆಯ ಬಾಲ ಉದುರಿಸಿ, ಕೇರಬೇಕು. ಹಂಚಿನ ಮೇಲೆ ಬೆಚ್ಚಗೆ ಹುರಿದು, ಬೀಸುಕಲ್ಲಿನಲ್ಲಿ ನುಚ್ಚು ಮಾಡಿ, ಕೈ ಸುಡುವಂಥ ನೀರಿನಲ್ಲಿ ಮುಚ್ಚಿಟ್ಟರೆ ನೀರು ಸಿಹಿಯಾಗುತ್ತದೆ. ಅದನ್ನು ಸೋಸಿ, ಕಹಿಗೆಂದು ಒಣಗಿದ ಬೇವಿನ ಹೂವು ಹಾಕಿ ಕುದಿಸಿ, ಆರಿದ ಮೇಲೆ ಬೇಕರಿಯಿಂದ ತಂದ, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಖಮೀರು ಬೆರೆಸಿ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಬೇಕು. ಬುರುಗು ಎದ್ದು, ಇಳಿದು, ಗಡಿಗೆ ಸುಮ್ಮನಾದ ಮೇಲೆ ಚಿಟಿಕೆ ಬೆಲ್ಲದೊಂದಿಗೆ ಬಾಟಲಿಗೆ ತುಂಬಬೇಕು. ಎಲ್ಲಿ ಕೈ ಅವಸರ ಮಾಡಿತೋ ಅಲ್ಲಿ ಕೆಟ್ಟಿತು.

ಬಾಟಲಿ ಒದಗಿಸುತ್ತಿದ್ದವನು ಗೈಬುಸಾಬ. ಸಿಂದಗಿಯ ಬಸ್ ನಿಲ್ದಾಣದ ಎದುರು ಅವನ ಗೋಲಿಸೋಡಾದ ಅಂಗಡಿ. ಬಿಯರು ತುಂಬಿದ ಗೋಲಿ ಬಾಟಲಿಯನ್ನು ಬೋರಲು ಇಟ್ಟರೆ ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ, ಮುಚ್ಚಳದ ಗೊಡವೆಯೇ ಇಲ್ಲ ಎಂದು ಕಂಡುಹಿಡಿದವನು ಅವನೇ. ತಾನು ಮಾತ್ರ ಜೋಳದ ಬಿಯರು ಮುಟ್ಟುವುದಿಲ್ಲ, ತಾನು ಮಾಡುವುದು ಬರೀ ಶುಂಠಿ ಸೋಡಾ ಎನ್ನುತ್ತಿದ್ದ. ಆ ಶುಂಠಿ ಸೋಡಾ ಬೆಲ್ಲ, ಖಮೀರು ಸೇರಿ ಹದಿನೈದು ದಿನ ನೆಲದಲ್ಲಿ ಹೂತಿದ್ದದ್ದು. ಎರಡು ಬಾಟಲಿ ಕುಡಿದರೆ ಹವಾಲ್ದಾರರೇ ಹಿಂದಿ ಮಾತಾಡಲು ಶುರು ಮಾಡುತ್ತಿದ್ದರು. ಆದರೂ ಅದು ಸೋಡಾ. ಯಾರೂ ಅವನೊಂದಿಗೆ ವಾದಿಸಲಿಲ್ಲ.

ಸರಕಾರ ದಾರೂಬಂದಿ ತೆಗೆದಿತ್ತು, ಖರೆ. ಆದರೆ ಮನೆಯಲ್ಲಿ ಮಾಡುವುದು ಇನ್ನೂ ಗುನ್ಹೆಯೇ. ಅದಕ್ಕೇ ಅವರು ಸೇರುತ್ತಿದ್ದದ್ದು ಅಮಾವಾಸ್ಯೆಯ ದಿನ, ಬಸಂತರಾಯನ ಹೊಲದ ಬೇವಿನ ಮರದ ಕೆಳಗೆ. ಅಂದು ಯಾರೂ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಆಳುಗಳು ಊರಲ್ಲಿ, ಹೊಲ ಖಾಲಿ. ಅವರವರು ಮಾಡಿದ ಬಾಟಲಿಗಳನ್ನು ಹಸಿ ಮರಳಿನ ತೊಟ್ಟಿಯಲ್ಲಿ ಹೂತಿಟ್ಟು, ಒಂದೊಂದೇ ತೆಗೆದು ರುಚಿ ನೋಡುವುದು.

ರುಚಿ ನೋಡುವುದಕ್ಕೂ ಒಂದು ಪದ್ಧತಿ ಇತ್ತು. ಮೊದಲ ಗುಟುಕು ಪಂಢರಿನಾಥನದು. ಅವನು ಬಾಯಿ ಬಿಡುವವರೆಗೆ ಯಾರೂ ಕುಡಿಯುವಂತಿಲ್ಲ, ಮಾಡಿದವನು ತುಟಿ ಪಿಟ್ಟೆನ್ನುವಂತಿಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ, ನಿತ್ಯ ಸಂಧ್ಯಾವಂದನೆ ಮಾಡುವ ಮನೆತನದ, ಮನೆಯಲ್ಲಿ ಮರಾಠಿ ಆಡುವ ಈ ಸಣಕಲ ಮನುಷ್ಯನಿಗೆ ಅಂಥ ನಾಲಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ. ಒಮ್ಮೆ ಹವಾಲ್ದಾರರ ಬಿಯರು ಬಾಯಿಗೆ ಹಾಕಿ, “ಈ ಗಡಿಗ್ಯಾಗ ಮೊದ್ಲ ಉಪ್ಪಿನಕಾಯಿ ಇತ್ತು” ಎಂದಿದ್ದ. ಹವಾಲ್ದಾರರು ಇಲ್ಲವೇ ಇಲ್ಲ ಎಂದು ಹಾರಾಡಿದರು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರೆ, ಇತ್ತು.

ಅವನು ಕಠಿಣ ಮಾತಾಡುತ್ತಿದ್ದ. ಬಸಂತರಾಯನೂ ಅವನೂ ಒಂದೇ ಸಾಲಿಯಲ್ಲಿ, ಒಂದೇ ಹಲಗೆಯ ಮೇಲೆ ಕೂತು ಕಲಿತವರು. ಆ ಸಲಿಗೆಗೆ ಇವನ ಬಿಯರಿಗೆ ಇನ್ನೂ ಹೆಚ್ಚು ಕಠಿಣ ಮಾತು. “ಹುರಿಯೂ ಮುಂದ ನಿನ್ನ ಚಿತ್ತ ಎಲ್ಲಿತ್ತೋ?” ಎಂದು ಒಂದು ಸಲ, “ಎಮ್ಮಿಗೆ ಇಡು, ಖುಷಿ ಆಗ್ತದ” ಎಂದು ಇನ್ನೊಂದು ಸಲ. ಬಸಂತರಾಯ ಬೈಯುತ್ತಿದ್ದ, ಮುಂದಿನ ಸಲ ಇನ್ನೂ ಜೋಪಾನವಾಗಿ ಮಾಡುತ್ತಿದ್ದ. ಮನೆತನಕ್ಕೆ ದೊಡ್ಡವನಾಗಿ, ಊರಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುವಂಥವನಾಗಿ ಬದುಕಿದವನಿಗೆ ಖರೆ ಮಾತು ಹೇಳುವವರು ಬಹಳ ಮಂದಿ ಇರುವುದಿಲ್ಲ. ಅವನಿಗೆ ಇದ್ದವನು ಪಂಢರಿ ಒಬ್ಬನೇ.

ಅಂಥ ಪಂಢರಿ ಮಾಲೆ ಹಾಕಿಕೊಂಡುಬಿಟ್ಟ.

ಶ್ರಾವಣದಲ್ಲಿ ಬಸಂತರಾಯನಿಗೆ ಕಾಮಣಿ ಆಯಿತು. ಕಣ್ಣು, ಉಗುರು, ಬೆವರು ಎಲ್ಲ ಹಳದಿ. ಊರ ಔಷಧಿ ನಾಟದೆ, ಎಚ್ಚರ ತಪ್ಪಿ, ಸೊಲ್ಲಾಪುರದ ದವಾಖಾನೆಗೆ ಹಾಕಿದರು. ಅಲ್ಲಿ ಏನೇನಾಯಿತೋ ಅವನಿಗೆ ಗೊತ್ತಿಲ್ಲ. ಕಣ್ಣು ತೆರೆದಾಗ ಹೆಂಡತಿ ಇಂದುಬಾಯಿ ಕಾಲ ಹತ್ತಿರ ಕೂತು ಅಳುತ್ತಿದ್ದಳು, ಪಂಢರಿ ಕಿಟಕಿಯ ಹತ್ತಿರ ನಿಂತಿದ್ದ. ಅವನ ಕೊರಳಲ್ಲಿ ತುಳಸಿ ಮಣಿಯ ಮಾಲೆ ಇತ್ತು. ಪಂಢರಪುರದ ವಿಠೋಬನ ಹೆಸರಿನಲ್ಲಿ ಆ ಮಾಲೆ ಹಾಕಿಕೊಂಡವರು ಮತ್ತೆ ಹೆಂಡ ಮುಟ್ಟುವಂತಿಲ್ಲ. ಮುಟ್ಟಬೇಕೆಂದರೆ ಮಾಲೆ ತೆಗೆಯಬೇಕು, ಮಾಲೆಯನ್ನು ಯಾರೂ ತೆಗೆಯುವುದಿಲ್ಲ.

“ಯಾಕೋ?” ಎಂದು ಬಸಂತರಾಯ ಆಮೇಲೆ ಕೇಳಿದ್ದ.

“ಹಾಕ್ಕೋಬೇಕು ಅನಿಸ್ತು, ಹಾಕ್ಕೊಂಡೆ,” ಎಂದಿದ್ದ ಪಂಢರಿ. ಅಷ್ಟೇ.

ಬಸಂತರಾಯನಿಗೆ ಡಾಕ್ಟರು ಹೇಳಿ ಕಳಿಸಿದ್ದು, ಇನ್ನು ಮುಂದೆ ಒಂದು ಹನಿ ಕೂಡ ಮುಟ್ಟಕೂಡದು, ಮುಟ್ಟಿದರೆ ಮತ್ತೆ ಇಲ್ಲಿಗೆ ಕರೆತರುವ ತೊಂದರೆ ತೆಗೆದುಕೊಳ್ಳಬೇಡಿರಿ ಎಂದು. ಅವನು ಅದನ್ನು ಊರಲ್ಲಿ ‘ಸ್ವಲ್ಪ ಕಡಿಮಿ ಮಾಡು ಅಂದಾರ’ ಎಂದು ಹೇಳಿದ. ದೀಪಾವಳಿ ಆಗುತ್ತಲೇ ಗಡಿಗೆ ತೊಳೆದ. ಮಾಡುವವನು ಉಪ್ಪು ನೋಡಿದಂತೆ ಒಂದು ಗುಟುಕು ನೋಡದಿದ್ದರೆ ಹೇಗೆ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಗುಟುಕು ಅರ್ಧ ಗ್ಲಾಸಾಯಿತು. ಅರ್ಧ ಗ್ಲಾಸು ಎಷ್ಟಾಯಿತು ಎಂಬುದನ್ನು ಅವನು ನೋಡಲು ಹೋಗಲಿಲ್ಲ.

ಪಂಢರಿ ಅಮಾವಾಸ್ಯೆಗೆ ಬರುವುದನ್ನೇನೂ ಬಿಡಲಿಲ್ಲ. ಬರುತ್ತಿದ್ದ, ಮರದ ಬೊಡ್ಡೆಗೆ ಒರಗಿ ಕೂಡುತ್ತಿದ್ದ, ಲಿಂಬೆ ಶರಬತ್ತು ಕುಡಿದು ಹೋಗುತ್ತಿದ್ದ. ಯಾರ ಬಿಯರಿನ ಬಗ್ಗೆಯೂ ಚಕಾರವೆತ್ತುತ್ತಿರಲಿಲ್ಲ. ಬಸಂತರಾಯನಿಗೆ ಇದೇ ಮೈ ಉರಿಸಿತು. ಬಿಡುವುದಿದ್ದರೆ ಪೂರಾ ಬಿಟ್ಟು ಮನೆಯಲ್ಲಿ ಹರಿಪಾಠ ಓದಿಕೊಂಡಿರಲಿ. ಕುಡಿಯುವವರ ನಡುವೆ ಮಾಲೆ ಹಾಕಿಕೊಂಡು ಬಂದು ಕೂಡುವುದೆಂದರೆ, ನೀವು ಅಲ್ಲೇ ಇದ್ದೀರಿ, ನಾನು ಮೇಲೆ ಹೋದೆ ಎಂದು ತೋರಿಸುವುದಕ್ಕಲ್ಲದೆ ಮತ್ತೇನಕ್ಕೆ? ತಾನು ಸಾಯಲು ಬಿದ್ದಾಗ ಇವನು ತನ್ನ ಮೋಕ್ಷದ ವ್ಯವಸ್ಥೆ ಮಾಡಿಕೊಂಡ ಎಂದು ಅವನಿಗೆ ಅನಿಸಿತ್ತು. ಅನಿಸಿದ್ದು ಗಟ್ಟಿಯಾಗುತ್ತ ಹೋಗಿತ್ತು.

ಈ ನಡುವೆಯೇ ಬಿಯರು ಸುಧಾರಿಸಿದ್ದು. ದವಾಖಾನೆಯಿಂದ ಬಂದವನಿಗೆ ಹೊಲದ ಕೆಲಸವಿರಲಿಲ್ಲ, ಹೊತ್ತು ಬಹಳವಿತ್ತು. ಗೋಣಿಚೀಲದ ಹತ್ತಿರವೇ ಕೂತು ಮೊಳಕೆ ಕಾಯ್ದ. ಹಂಚಿನ ಮುಂದಿಂದ ಏಳಲಿಲ್ಲ. ಪುಷ್ಯದಲ್ಲಿ ಇಳಿಸಿದ ಗಡಿಗೆಯದು ಬೇರೆಯೇ ಬಂತು. ಬಣ್ಣ ಹಸನಾದ ಜೋನಿಬೆಲ್ಲದ್ದು, ಬುರುಗು ಎಮ್ಮೆಯ ನೊರೆಹಾಲಿನಂತೆ ನಿಲ್ಲುತ್ತಿತ್ತು, ಕಹಿ ಕಡೆಗೆ ಬಂದು ಮೆಲ್ಲಗೆ ಹೋಗುತ್ತಿತ್ತು. ಹೀಗೆ ಆಗಬೇಕೆಂದೇ ಇಷ್ಟು ವರ್ಷ ಬೈಸಿಕೊಂಡಿದ್ದು ಎಂದು ಅವನಿಗೆ ಗೊತ್ತಾಯಿತು. ಇಂದುಬಾಯಿಗೆ ಹೇಳಲಾರ, ಹವಾಲ್ದಾರರಿಗೆ ಹೇಳಿ ಉಪಯೋಗವಿಲ್ಲ. ಹವಾಲ್ದಾರರಿಗೆ ತಣ್ಣಗಿದ್ದದ್ದೆಲ್ಲ ಚಲೋ.

ಅಮಾವಾಸ್ಯೆಯ ಮಧ್ಯಾಹ್ನ ರಾಜದೂತ ಮೋಟಾರ ಸೈಕಲ್ಲಿನ ಸದ್ದು ಮೊದಲು ಬಂತು, ಆಮೇಲೆ ಹವಾಲ್ದಾರರು. ಅವರ ಹಿಂದೆಯೇ ಬಂದ ಬಸ್ಸಿಗೆ ಗೈಬುಸಾಬ ಒಂದು ಚೀಲ ಸೋಡಾ ಬಾಟಲಿ, ಇನ್ನೊಂದು ಚೀಲ ಇಂಡಿ ತಾಲೂಕಿನ ಲಿಂಬೆಹಣ್ಣು ಹೊತ್ತು ಬಂದ. ಅವನ ಬೆನ್ನಿಗೆ ಪಂಢರಿ, ಧೋತರದ ಚುಂಗು ಎತ್ತಿ ಹಿಡಿದು, ಎರೆ ನೆಲದ ಬಿರುಕು ದಾಟುತ್ತ. ಆಳೆತ್ತರದ ಜೋಳ ತೆನೆ ಹಾಲುಗಟ್ಟಿ ನಿಂತಿತ್ತು. ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು ಉಜ್ಜಿದ ಸೀತನಿ, ಶೇಂಗಾ ಹಿಂಡಿ, ಬೆಲ್ಲ ಕಂಬಳಿಯ ಮೇಲೆ ಬಂದವು.

“ಬರ್ರಿ ಸಂತರ, ಬರ್ರಿ,” ಎಂದ ಬಸಂತರಾಯ. “ಕಂಬಳಿ ಮ್ಯಾಲೆ ಕುಂಡ್ರತೀರೋ, ನಿಮಗ ಮಡಿ ಚಾಪಿ ಹಾಸಬೇಕೋ?”

“ಕಂಬಳಿ ಸಾಕೋ,” ಎಂದು ಪಂಢರಿ ಕೂತ. ಸೀತನಿ ಬಾಯಿಗೆ ಹಾಕಿಕೊಂಡು, “ತೆನಿ ಚಲೋ ಅದ ಈ ವರ್ಷ,” ಎಂದ.

ಮೊದಲು ಹವಾಲ್ದಾರರ ಬಾಟಲಿ ಒಡೆದರು. ಎಲ್ಲರೂ ಗ್ಲಾಸು ಹಿಡಿದು, ಹಳೆಯ ರೂಢಿಗೆ, ಪಂಢರಿಯ ಕಡೆ ನೋಡಿದರು. ಪಂಢರಿ ಹೊಲದ ಕಡೆ ನೋಡುತ್ತಿದ್ದ. ಹವಾಲ್ದಾರರೇ ಕುಡಿದು ಹವಾಲ್ದಾರರೇ ‘ಫಸ್ಟ್ ಕ್ಲಾಸ್’ ಎಂದರು. ಗೈಬುಸಾಬನ ಶುಂಠಿಯದಕ್ಕೂ ಅವರದೇ ಫಸ್ಟ್ ಕ್ಲಾಸು. ಬಸಂತರಾಯ ಮರಳಿನಿಂದ ತನ್ನ ಬಾಟಲಿ ತೆಗೆದು, ಹೇಳಿದರೆ ನಗುತ್ತೀರಿ, ಕೂಸಿನ ಮೈ ಒರೆಸಿದಂತೆ ಅಂಗಿಯಿಂದ ಒರೆಸಿದ. ಗೋಲಿ ಒತ್ತಿದ, ಗ್ಲಾಸಿಗೆ ಬಗ್ಗಿಸಿದ, ಪಂಢರಿಯ ಮುಂದೆ ಹಿಡಿದ.

“ಒಂದ ಗುಟುಕ. ಕುಡದ ಬ್ಯಾಡ ಅಂದ್ರ ಉಗಳು.”

“ಬ್ಯಾಡೋ ಬಸಂತಾ.”

“ಇಷ್ಟ ವರ್ಷ ಎಮ್ಮಿಗೆ ಇಡು ಅಂದಿ. ಇವತ್ತ ಹಾಂಗಲ್ಲ. ಇವತ್ತ ನೀ ನೋಡಾಕ ಬೇಕು.”

“ನನಗ ಬ್ಯಾಡ. ನೀನೂ ಸಾಕು ಮಾಡು, ಬೆಳಿಗ್ಗಿಂದ ಎಷ್ಟಾತು ನಿಂದು?”

ಈ ಕಡೆಯ ಮಾತು ಬಸಂತರಾಯನ ತಲೆಗೆ ಹತ್ತಿತು. “ಕಟಗಿ ಮಣಿ ಕೊಳ್ಳಾಗ ಹಾಕ್ಕೊಂಡ ಕೂಡ್ಲೇ ನನಗ ಬುದ್ಧಿ ಹೇಳೂವಷ್ಟು ದೊಡ್ಡಾಂವ ಆದೀ ಏನು?” ಎಂದ. ಹವಾಲ್ದಾರರು ನಗಲು ಹೋಗಿ ನಿಲ್ಲಿಸಿದರು. ಪಂಢರಿ ಮಾಲೆಯನ್ನು ಅಂಗಿಯ ಒಳಗೆ ಸೇರಿಸಿಕೊಂಡ, ಅಷ್ಟೆ.

ಆಗ ಬಸಂತರಾಯನಿಗೆ ಒಂದು ಬುದ್ಧಿ ಹೊಳೆಯಿತು. ಸಿಟ್ಟಿನಲ್ಲಿ ಹೊಳೆಯುವ ಬುದ್ಧಿ ಎಂಥದೋ ಅಂಥದೇ. ‘ಶರಬತ್ತು ಮಾಡ್ಕೊಂಡ ಬರ್ತೇನಿ’ ಎಂದು ಗುಡಿಸಲಿನೊಳಗೆ ಹೋದ. ಅಲ್ಲಿ ಇನ್ನೊಂದು ಬಾಟಲಿ ಇಟ್ಟಿದ್ದ. ಲಿಂಬೆ ಹಿಂಡಿದ, ಬೆಲ್ಲ ಹಾಕಿದ, ಶುಂಠಿ ಜಜ್ಜಿ ಹಾಕಿದ, ನೀರಿನ ಬದಲು ಬಿಯರು ಸುರಿದ. ಅವನ ಎಣಿಕೆ ಹೀಗಿತ್ತು: ಗೊತ್ತಿಲ್ಲದೆ ಒಂದು ಗುಟುಕು ಒಳಗೆ ಹೋದರೆ ಆ ನಾಲಿಗೆ ಸುಮ್ಮನಿರಲಾರದು. ಏನೋ ಒಂದು ಹೇಳಿಯೇ ತೀರುತ್ತದೆ. ಆಮೇಲೆ ಪಂಢರಿ ಸಿಟ್ಟಾಗುತ್ತಾನೆ, ಬೈಯುತ್ತಾನೆ, ಕೆಟ್ಟ ಮೇಲೆ ಕೆಟ್ಟಿತು ಎಂದು ನಗುತ್ತಾನೆ, ಮಾಲೆ ಗೂಟಕ್ಕೆ ಹೋಗುತ್ತದೆ, ಪಂಢರಿ ತಿರುಗಿ ತನ್ನವನಾಗುತ್ತಾನೆ. ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆಯವನು, ಇನ್ನೊಬ್ಬರ ಕೊರಳಿನ ಮಾಲೆ ಹೀಗೆ ಬಿಚ್ಚುತ್ತದೆ ಎಂದು ನಂಬಿದ. ಸಿಟ್ಟು ಬಂದಾಗ ಇನ್ನೊಬ್ಬರ ದೇವರು ಬಹಳ ಸಣ್ಣವನಾಗಿ ಕಾಣುತ್ತಾನೆ.

ಗ್ಲಾಸು ತಂದು ಪಂಢರಿಯ ಕೈಗೆ ಕೊಟ್ಟ. “ತಗೋ, ತಣ್ಣಗ ಕುಡಿ. ಸಿಟ್ಟಿನಾಗ ಏನೋ ಅಂದೆ,” ಎಂದ. ತನ್ನ ಬಾಯಿಂದ ಅಷ್ಟು ಮೆತ್ತಗಿನ ಸುಳ್ಳು ಬಂದದ್ದು ಅವನಿಗೇ ಸೋಜಿಗವಾಯಿತು. ಪಂಢರಿ ಗ್ಲಾಸು ತೆಗೆದುಕೊಂಡ. ಅವನು ಕುಡಿಯುವುದನ್ನು ಎದುರಿಗೆ ನಿಂತು ನೋಡುವ ಧೈರ್ಯವಾಗದೆ, ಲೋಟ ತೊಳೆಯುವ ನೆಪ ಮಾಡಿ ಬಸಂತರಾಯ ಮತ್ತೆ ಗುಡಿಸಲೊಳಗೆ ಹೊಕ್ಕ.

ಅವನ ಹಿಂದೆಯೇ ಗೈಬುಸಾಬ ಬಂದ.

“ಗೌಡ್ರ, ಒಳಗ ಗೋಲಿ ಒತ್ತಿದ ಸಪ್ಪಳ ಬಂತು. ಶರಬತ್ತಿಗೆ ಗೋಲಿ ಯಾಕ ಬೇಕಾತ್ರಿ?”

ಇಪ್ಪತ್ತು ವರ್ಷ ಗೋಲಿ ಒತ್ತಿ ಬದುಕಿದವನ ಕಿವಿ. ಬಸಂತರಾಯ ಖಾಲಿ ಬಾಟಲಿಯನ್ನು ಹುಲ್ಲಿನಲ್ಲಿ ಸರಿಸಲು ಹೋದ. ಗೈಬುಸಾಬ ಅದನ್ನು ನೋಡಿದ, ಹಿಂಡಿದ ಲಿಂಬೆಯ ಸಿಪ್ಪೆ ನೋಡಿದ. ಅವನ ಮುಖ ಬಿಳಿಚಿತು.

“ಕುಡಿಸಿದ್ರೇನು ಮಾಸ್ತರ್‌ಗೆ?”

“ಸಣ್ಣ ಚ್ಯಾಷ್ಟಿ ಮಾರಾಯಾ. ಸತ್ತ ಹೋಗೂದಿಲ್ಲ ಅಂವ.”

“ಅವ್ರು ಸಾಯೂದಿಲ್ರಿ,” ಎಂದ ಗೈಬುಸಾಬ. ಯಾವಾಗಲೂ ನಗುವ ಆ ಮನುಷ್ಯ ಖಾಲಿ ಬಾಟಲಿಯನ್ನು ಹುಲ್ಲಿನಿಂದ ಎತ್ತಿ ಹಿಡಿದ. “ಹೇಳಬ್ಯಾಡ ಅಂತ ನನ್ನ ಕೈ ಹಿಡದು ಮಾತು ತಗೊಂಡಿದ್ರು. ಇವತ್ತ ಹೇಳ್ತೇನಿ, ಅಲ್ಲಾ ಮಾಫ್ ಮಾಡಲಿ. ಸೊಲ್ಲಾಪುರದಾಗ ಡಾಕ್ಟರು ಕೈ ಚೆಲ್ಲಿದ ದಿನ ಮಾಸ್ತರು ಎದ್ದು ಪಂಢರಪುರದ ಬಸ್ ಹತ್ತಿದ್ರು. ಒಬ್ಬರ್ನ ಬಿಡಾಕ ಮನಸಾಗದ ನಾನೂ ಹೋದೆ. ಹೊಳಿ ದಂಡಿ ಮ್ಯಾಲೆ ಅವ್ರ ಚಪ್ಪಲಿ ಕಾಯ್ಕೋತ ಕುಂತಿದ್ದೆ. ಬಂದಾಗ ಕೊಳ್ಳಾಗ ಮಾಲಿ ಇತ್ತು. ಗೌಡ್ರು ಉಳದ್ರ ಹಾಕ್ಕೋತೇನಿ ಅಂತ ಬೇಡ್ಕೋಬೇಕಿತ್ತಲ್ರೀ ಅಂದೆ. ಏನಂದ್ರು ಗೊತ್ತೇನ್ರಿ? ದೇವ್ರ ಜೋಡಿ ಚೌಕಾಶಿ ಮಾಡಬಾರ್ದು ಗೈಬೂ, ನನ್ನ ಹಂತ್ಯಾಕ ಇದ್ದದ್ರಾಗ ಚಲೋದು ಈ ನಾಲಿಗಿ ಒಂದ, ಮೊದಲ ಕೊಟ್ಟ ಬಂದೆ, ಇನ್ನ ಅವನ ಮರ್ಜಿ ಅಂದ್ರು.”

ಬಸಂತರಾಯ ಕೇಳಿದ. ಕೇಳಿದ್ದು ಎದೆಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಆ ಕ್ಷಣದಲ್ಲಿ ಅವನಿಗೆ ಕಂಡದ್ದು ದವಾಖಾನೆಯ ಕಿಟಕಿಯ ಹತ್ತಿರ ನಿಂತಿದ್ದ ಪಂಢರಿ. ಆಮೇಲೆ ಅವನು ಓಡಿದ. ಗುಡಿಸಲಿನ ಬಾಗಿಲಿಗೆ ತಲೆ ಬಡಿದುಕೊಂಡು, ಒಂದು ಕಾಲಿನ ಚಪ್ಪಲಿ ಅಲ್ಲೇ ಬಿಟ್ಟು, ಐವತ್ತರ ಹತ್ತಿರದ ಆ ದೇಹ ಓಡುವುದನ್ನು ಹವಾಲ್ದಾರರು ಬಾಯಿ ತೆರೆದು ನೋಡಿದರು.

ಪಂಢರಿ ಮರದ ಆಚೆ ಬದಿಗೆ ಹೋಗಿ ಒಬ್ಬನೇ ಕೂತಿದ್ದ. ಗ್ಲಾಸು ಅವನ ಎರಡೂ ಕೈಗಳ ನಡುವೆ, ತುಟಿಗೆ ಬೆರಳಷ್ಟು ದೂರ.

“ಕುಡೀಬ್ಯಾಡ!” ಎಂದು ಬಸಂತರಾಯ ಗ್ಲಾಸಿಗೆ ಕೈ ಹೊಡೆದ. ಗ್ಲಾಸು ಹಾರಿ ಕಲ್ಲಿಗೆ ಬಿದ್ದು ಒಡೆಯಿತು. ಪಂಢರಿಯ ಅಂಗಿ, ಧೋತರ ಎಲ್ಲ ತೋಯ್ದುಹೋಯಿತು.

ಪಂಢರಿ ತಲೆಯೆತ್ತಿ ಅವನನ್ನು ನೋಡಿದ. ತೋಯ್ದ ಅಂಗಿಯನ್ನು ನೋಡಿಕೊಂಡ. ಮೆಲ್ಲಗೆ ನಕ್ಕ.

“ನಾಲಿಗಿಗೆ ಮಾಲಿ ಹಾಕೀನೋ ಮಾರಾಯಾ, ಮೂಗಿಗೆ ಹಾಕಿಲ್ಲ. ನೀ ಗುಡಿಸಲಾ ದಾಟಿ ಬರೂದ್ರಾಗ ಗೊತ್ತಾತು ನನಗ.”

“ಕುಡದಿಲ್ಲ?”

“ಇಲ್ಲ.”

ಬಸಂತರಾಯ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಉಸಿರು ತಿದಿಯಂತೆ ಏಳುತ್ತಿತ್ತು. ಗೈಬುಸಾಬ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿ ಪಂಢರಿಗೆ ಎಲ್ಲ ತಿಳಿಯಿತು. ಕೈಯಾಡಿಸಿ, ಆಚೆ ಹೋಗು ಎಂದ. ಗೈಬುಸಾಬ ಹೋಗಿ ಹವಾಲ್ದಾರರಿಗೆ ಸೀತನಿ ಬಡಿಸತೊಡಗಿದ.

“ವಾಸನಿ ಮ್ಯಾಲೆ ಹೇಳೂದಾದ್ರ, ಚಲೋ ಆಗ್ಯದ ಈ ಸಲ,” ಎಂದ ಪಂಢರಿ, ಒದ್ದೆ ಚುಂಗು ಹಿಂಡುತ್ತ. “ಹುರದದ್ದು ಹದಾ ಬಂದದ. ಬೇವಿನ ಹೂವು ಮಾತ್ರ ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು ಇರಬೇಕು, ಜೋರು ಕಡಿಮಿ ಅದ. ಹೊಸದು ಹಾಕಿದ್ರ ಇದರ ಮುಂದ ಯಾವ್ದೂ ಇಲ್ಲ.”

ವರ್ಷಗಟ್ಟಲೆ ಕಾದಿದ್ದ ಮಾತು. ಹೂವು ನಿಜಕ್ಕೂ ಹಳೆಯದೇ. ಬಸಂತರಾಯನಿಗೆ ಆ ಮಾತು ಕಿವಿಯ ಹತ್ತಿರ ಬಂದು ಹಾಗೇ ಹೊರಟುಹೋಯಿತು. ಅವನಿಗೆ ಈಗ ಬೇಕಾದದ್ದು ಅದಾಗಿರಲಿಲ್ಲ.

“ನನಗ ಯಾಕ ಹೇಳಲಿಲ್ಲೋ?”

“ಹೇಳಿ ಏನ್ ಮಾಡ್ಲಿ? ನಿನ್ನ ಹೆಗಲ ಮ್ಯಾಲೆ ಹೊರಿ ಹೊರಸಲೇನು? ಇಂವ ನನ್ನ ಸಲುವಾಗಿ ಬಿಟ್ಟಾನ ಅಂತ ನೀನೂ ಒತ್ತಾಯಕ್ಕ ಬಿಡತಿದ್ದಿ. ಒಂದಿನ ನನ್ನ ಮಾರಿ ನೋಡಿದ್ರ ನಿನಗ ಸಿಟ್ಟು ಬರ್ತಿತ್ತು.”

“ಈಗೇನ ಕಡಿಮಿ ಬಂದಿತ್ತು?” ಎಂದ ಬಸಂತರಾಯ. ಇಬ್ಬರೂ ನಕ್ಕರು, ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಜೋಳದ ಹೊಲದ ಮೇಲೆ ಗಾಳಿ ಹಾದುಹೋಯಿತು. ಮರದ ಆಚೆಯಿಂದ ಹವಾಲ್ದಾರರು ಯಾವುದೋ ಬರ್ಫಿನ ಗುಡ್ಡದ ಕತೆಯನ್ನು ಹಿಂದಿಯಲ್ಲಿ ಶುರುಮಾಡಿದ್ದು ಕೇಳಿಸುತ್ತಿತ್ತು. ಬಸಂತರಾಯ ನೆಲದಿಂದ ಗಾಜಿನ ಚೂರುಗಳನ್ನು ಆರಿಸಿ ಒಂದು ಕಡೆ ಇಡುತ್ತಿದ್ದ. ಕಡೆಗೆ ಕೇಳಿದ.

“ಗೊತ್ತಾದ ಕೂಡ್ಲೇ ಚೆಲ್ಲಬೇಕಿತ್ತು ನೀ. ಮತ್ತ ಗ್ಲಾಸ್ ಹಿಡಕೊಂಡ ಯಾಕ ಕುಂತಿದ್ದಿ?”

ಹುಡುಗರಿಗೆ ಲೆಕ್ಕ ತಪ್ಪಿದ್ದನ್ನು ತೋರಿಸುವಾಗಲೂ ಎದುರು ನೋಡಿ ಮಾತಾಡುವ ಪಂಢರಿ ಈಗ ನೆಲ ನೋಡುತ್ತ ಹೇಳಿದ.

“ಕುಡೀಬೇಕು ಅನಿಸಿತ್ತೋ. ಖರೆ ಹೇಳ್ತೀನಿ. ನನಗ ಗೊತ್ತಿಲ್ಲ ಅಂತ ಕುಡದುಬಿಟ್ರ ತಪ್ಪು ಬಸಂತಂದು ಆಗ್ತದ, ನಂದಲ್ಲ ಅಂತ ಮನಸ್ಸು ಹೇಳ್ಲಿಕ್ಕೆ ಹತ್ತಿತ್ತು. ಅದಕ್ಕ ಎದ್ದು ಈ ಕಡೆ ಬಂದು ಕೂತೆ. ನೀ ಬರೂದು ಇನ್ನೊಂದು ಚೂರು ತಡಾ ಆಗಿದ್ರ ಏನಾಗ್ತಿತ್ತೋ ವಿಠ್ಠಲಗೇ ಗೊತ್ತು.”

ಬಸಂತರಾಯನ ಕೈಯಲ್ಲಿದ್ದ ಚೂರು ಬೆರಳಿಗೆ ತಾಗಿತು. ಅವನು ನೋಡಲಿಲ್ಲ. ಬಿಟ್ಟವನು ಮೇಲೆ ಹೋಗಿ ಕೂತಿದ್ದಾನೆ ಎಂದು ಇಷ್ಟು ದಿನ ತಾನು ತಿಳಿದಿದ್ದ. ಬಿಟ್ಟವನು ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ, ಈ ಕಂಬಳಿಯ ಮೇಲೆ, ಬಾಯಲ್ಲಿ ನೀರು ತುಂಬಿಕೊಂಡು, ಅದನ್ನು ನುಂಗಿಕೊಂಡು ಕೂತಿದ್ದ.

“ಅಷ್ಟ ಬೇಕನಸ್ತೈತೇನೋ ನಿನಗ?”

“ದಿನಾ ಅನಸ್ತದ. ಸಂಜಿ ಮುಂದಂತೂ ಕೇಳಬ್ಯಾಡ.”

“ಮತ್ತ ಇಲ್ಲಿಗೆ ಯಾಕ ಬರ್ತಿ? ಎಲ್ಲಾರೂ ಕುಡಿಯೂ ಜಾಗಾಕ್ಕ ಬಂದು, ವಾಸನಿ ತಗೊಂಡು, ಜೀವಾ ಯಾಕ ತಿನ್ನಿಸ್ಕೋತಿ? ಅಮಾಸಿಗೊಮ್ಮೆ ತಪ್ಪದ ಯಾಕ ಬರ್ತೀಯೋ?”

ಪಂಢರಿ ಈಗ ತಲೆಯೆತ್ತಿ ಅವನ ಕಣ್ಣನ್ನು ನೋಡಿದ. ಮುಖವನ್ನಲ್ಲ, ಕಣ್ಣನ್ನೇ. ರೆಪ್ಪೆಯ ಒಳಗಿನ ಬಿಳಿಯನ್ನು, ಡಾಕ್ಟರು ನೋಡುವ ಹಾಗೆ. ಪ್ರತಿ ಅಮಾವಾಸ್ಯೆಗೂ ಬಂದ ಕೂಡಲೇ ಅವನು ಹೀಗೇ ನೋಡುತ್ತಿದ್ದ ಎಂದು ಬಸಂತರಾಯನಿಗೆ ಈಗ ಹೊಳೆಯಿತು.

“ಮತ್ತ ಹಳದಿ ಆಗ್ಯಾವೇನು ನೋಡ್ಲಿಕ್ಕೆ ಬರ್ತೀನಿ,” ಎಂದ ಪಂಢರಿ.

ಬಸಂತರಾಯನಿಗೆ ಅಳು ಬಂತು. ತಡೆಯಲು ನೋಡಿದ, ಆಗಲಿಲ್ಲ, ಅತ್ತ. ತಾಯಿ ಸತ್ತಾಗಲೂ ಮಂದಿಯೆದುರು ಅಳದವನು, ತೋಯ್ದ ಧೋತರದ ಗೆಳೆಯನೆದುರು ಮಣ್ಣಿನಲ್ಲಿ ಕೂತು ಅತ್ತ. ಸಮಾಧಾನ ಮಾಡುವ ಚಾತುರ್ಯ ಪಂಢರಿಗೆ ಎಂದೂ ಇರಲಿಲ್ಲ. ಅವನು ಸರಿದು ಬಂದು ಪಕ್ಕದಲ್ಲಿ ಕೂತ.

“ಇನ್ನ ಮ್ಯಾಲೆ ನಾ...” ಎಂದು ಬಸಂತರಾಯ ಶುರುಮಾಡಿದ.

“ಆಣಿ ಮಾಡಬ್ಯಾಡ,” ಎಂದ ಪಂಢರಿ. “ಅಳೂ ಮುಂದ ಮಾಡಿದ ಆಣಿ ನಿಲ್ಲೂದಿಲ್ಲ.”

ಮರದ ಆಚೆಯಿಂದ ಹವಾಲ್ದಾರರ ದೊಡ್ಡ ಗಂಟಲು ಬಂತು. “ಏ ಬಸಂತರಾಯಾ! ನಿನ್ನ ಗ್ಲಾಸ್ ಇಲ್ಲೇ ತುಂಬಿದ್ದು ತುಂಬಿದಂಗ ಉಳದೈತಿ. ಬುರುಗು ಇಳದು ಹೊಂಟೈತಿ, ಬಾರೋ!”

ಬಸಂತರಾಯ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಒಳಗೆ ಎಲ್ಲೋ ಗಂಟಲು ಆ ಗ್ಲಾಸಿನ ಕಡೆ ಎಳೆಯುತ್ತಿತ್ತು, ಈ ಅಳುವಿನ ನಡುವೆಯೂ. ಅದೂ ಅವನಿಗೆ ಗೊತ್ತಾಯಿತು. ಪಂಢರಿ ಹೇಳಿದ ‘ದಿನಾ’ ಎಂದರೆ ಏನು ಎಂಬುದು ಆಗ ಗೊತ್ತಾಯಿತು.

“ನೀವ ಕುಡದಬಿಡ್ರಿ ಹವಾಲ್ದಾರ್ರ,” ಎಂದು ಕೂಗಿದ. ಕೂಗುವಾಗ ಪಂಢರಿಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ.